ಹಿತ್ತಾಳೆಗೆ ತುಕ್ಕಿಲ್ಲ ಎಂಬ ಮಾತು

ಕಳೆದ ಬೇಸಿಗೆಯ ಒಂದು ರಾತ್ರಿ ತಾರಸಿ ಹತ್ತಿ ಟ್ಯಾಂಕಿನ ತಳದ ವಾಲ್ವನ್ನು ತಿರುಗಿಸಲು ಹೋದೆ. ಕೆಳಗಡೆ ಅಡುಗೆಮನೆಯ ನಲ್ಲಿ ಸೋರುತ್ತಿತ್ತು, ಬೆಳಗಿನವರೆಗೆ ನೀರು ಕಟ್ಟಿಡೋಣ ಎಂದಷ್ಟೇ ನನ್ನ ಉದ್ದೇಶ. ಹಿಡಿ ಅರ್ಧ ಸುತ್ತು ತಿರುಗುವಷ್ಟರಲ್ಲಿ ವಾಲ್ವಿನ ಕುತ್ತಿಗೆಯೇ ಕಳಚಿ ಕೈಗೆ ಬಂತು. ಎರಡು ಸಾವಿರ ಲೀಟರ್ ಬೋರಿನ ನೀರು ತಾರಸಿಯಿಂದ ಮೆಟ್ಟಿಲಿಗೆ, ಮೆಟ್ಟಿಲಿನಿಂದ ಬೀದಿಗೆ ಹರಿದು, ಚಂದ್ರವಳ್ಳಿಯ ಕಡೆ ಹೋಗುವ ರಸ್ತೆಯ ಚರಂಡಿ ಸೇರಿತು. ಬಟ್ಟೆ ತುರುಕಿದೆ, ಕಟ್ಟಿಗೆ ಬೆಣೆ ಹೊಡೆದೆ, ಯಾವುದೂ ನಿಲ್ಲಲಿಲ್ಲ. ಆ ವಾಲ್ವಿಗೂ ಟ್ಯಾಂಕಿಗೂ ನಡುವೆ ನೀರು ತಡೆಯಲು ಇನ್ನೊಂದು ಬಾಗಿಲು ಇರಲಿಲ್ಲ.

ಬೆಳಿಗ್ಗೆ ಬಂದ ಪ್ಲಂಬರ್ ಮುರಿದ ತುಂಡನ್ನು ನೋಡಿ, ‘ಸಾರ್, ಇದು ಹಿತ್ತಾಳೆ. ಹಿತ್ತಾಳೆಗೆ ತುಕ್ಕು ಹಿಡಿಯಲ್ಲ. ನೀವೇ ಜೋರಾಗಿ ತಿರುಗಿಸಿರಬೇಕು’ ಎಂದ. ಅಂಗಡಿಯಲ್ಲೂ ಅದೇ ಮಾತು. ಹೊಸ ವಾಲ್ವನ್ನು ಕೈಯಲ್ಲಿ ತೂಗಿ ತೋರಿಸಿ, ‘ಭಾರ ನೋಡಿ, ಹೊಳಪು ನೋಡಿ, ಜೀವಮಾನ ಬರುತ್ತೆ’ ಎಂದರು. ಅವರು ನನಗೆ ಮೋಸ ಮಾಡುತ್ತಿರಲಿಲ್ಲ. ನಮ್ಮ ಜಿಲ್ಲೆಯಲ್ಲಿ ಮನೆ ಕಟ್ಟುವವರು, ಬೋರ್ ಕೊರೆಸುವವರು, ತೋಟ ಮಾಡುವವರು, ಅವರಿಗೆ ಸಾಮಾನು ಮಾರುವವರು, ಎಲ್ಲರೂ ನಂಬಿಕೊಂಡಿರುವುದನ್ನೇ ಹೇಳುತ್ತಿದ್ದರು: ತುಕ್ಕು ಹಿಡಿಯದ ಲೋಹ ಬಾಳಿಕೆಯ ಲೋಹ, ಅದನ್ನು ಒಮ್ಮೆ ಹಾಕಿದರೆ ಮತ್ತೆ ಮುಟ್ಟಬೇಕಾಗಿಲ್ಲ. ಈ ನಂಬಿಕೆ ತಪ್ಪು. ತಪ್ಪಷ್ಟೇ ಅಲ್ಲ, ನೀರಿಗೆ ಬಾಯಾರಿದ ಈ ನಾಡಿನಲ್ಲಿ ಅದು ದುಬಾರಿ ತಪ್ಪು.

ನಂಬಿಕೆ ಎಲ್ಲಿಂದ ಬಂತೆಂದು ನನಗೆ ಗೊತ್ತು. ನಮ್ಮ ಅಜ್ಜಿಯ ಮನೆಯ ಹಿತ್ತಾಳೆ ಕೊಡ ಮೂರು ತಲೆಮಾರು ನೀರು ಹೊತ್ತಿದೆ, ಇವತ್ತಿಗೂ ಗಟ್ಟಿಯಾಗಿದೆ. ಅದನ್ನು ನೋಡಿ ಬೆಳೆದವರಿಗೆ ಹಿತ್ತಾಳೆಯ ಮೇಲೆ ಅನುಮಾನ ಹುಟ್ಟುವುದು ಸುಲಭವಲ್ಲ. ಆದರೆ ಆ ಕೊಡದ ದಿನಚರಿಯನ್ನು ನೆನಪಿಸಿಕೊಳ್ಳಿ. ಬೆಳಿಗ್ಗೆ ಹುಣಸೆಹಣ್ಣು ಹಚ್ಚಿ ತಿಕ್ಕಿ, ತೊಳೆದು, ಬಿಸಿಲಿಗೆ ಬೋರಲು ಹಾಕುತ್ತಿದ್ದರು. ಅಡುಗೆಯ ಪಾತ್ರೆಗಳಿಗೆ ಕಲಾಯಿಯವನು ಬಂದು ಒಳಗೆ ತವರ ಬಳಿದು ಹೋಗುತ್ತಿದ್ದ. ಹಗಲೂ ರಾತ್ರಿ, ವರ್ಷಗಟ್ಟಲೆ, ಗಾಳಿ ಕಾಣದೆ ನಿಂತ ನೀರಿನಲ್ಲಿ ಮುಳುಗಿರುವ ಶಿಕ್ಷೆಯನ್ನು ಅಜ್ಜಿ ಯಾವ ಪಾತ್ರೆಗೂ ಕೊಟ್ಟಿರಲಿಲ್ಲ. ವಾಲ್ವಿನ ಬಾಳು ಅಂಥದ್ದು.

ಇನ್ನೊಂದು ವ್ಯತ್ಯಾಸ ಲೋಹದಲ್ಲೇ ಇದೆ. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತುವಿನ ಬೆರಕೆ, ಆದರೆ ಎಷ್ಟಕ್ಕೆ ಎಷ್ಟು ಎಂಬುದರ ಮೇಲೆ ಅದರ ಗುಣ ನಿಂತಿದೆ. ತಗಡನ್ನು ಬಡಿದು ಪಾತ್ರೆ ಮಾಡಲು ಬೇಕಾದ ಹಿತ್ತಾಳೆಯಲ್ಲಿ ತಾಮ್ರ ಹೆಚ್ಚು, ಅದು ಮೆದು. ಕಾಯಿಸಿ ಅಚ್ಚಿಗೆ ಒತ್ತಿ, ಲೇತಿನಲ್ಲಿ ಬೇಗ ಕಡೆದು ತೆಗೆಯುವ ವಾಲ್ವಿನ ಹಿತ್ತಾಳೆಯಲ್ಲಿ ಸುಮಾರು 60 ಪಾಲು ತಾಮ್ರ, ಉಳಿದದ್ದರಲ್ಲಿ ಬಹುಪಾಲು ಸತು, ಕಡೆಯುವುದು ಸುಲಭವಾಗಲೆಂದು ಸ್ವಲ್ಪ ಸೀಸ. ಸತುವಿನ ಪಾಲು ಸುಮಾರು 37 ದಾಟಿತೆಂದರೆ ಲೋಹದ ಒಳಗೆ ಎರಡು ಬಗೆಯ ಹರಳುಗಳು ಮೂಡುತ್ತವೆ. ಅವುಗಳಲ್ಲಿ ಸತು ಹೆಚ್ಚಿರುವ ಬಗೆಯನ್ನು ನೀರು ಮೊದಲು ತಿನ್ನುತ್ತದೆ. ಹೆಸರು ಒಂದೇ ಆದರೂ ಅಜ್ಜಿಯ ಕೊಡದ ಲೋಹ ಬೇರೆ, ನನ್ನ ತಾರಸಿಯ ವಾಲ್ವಿನ ಲೋಹ ಬೇರೆ.

ತಿನ್ನುವುದು ಎಂದರೆ ಏನೆಂದು ಆ ಮುರಿದ ತುಂಡಿನಲ್ಲಿ ನಾನು ಕಣ್ಣಾರೆ ಕಂಡೆ. ಹೊರಮೈ ಹಳದಿಯಾಗಿ, ಒರೆಸಿದರೆ ಹೊಳೆಯುವಂತಿತ್ತು. ಮುರಿದ ಬಾಯಿ ಮಾತ್ರ ಇಟ್ಟಿಗೆಯ ಕೆಂಪು. ಚಾಕುವಿನ ತುದಿಯಿಂದ ಕೆರೆದರೆ ಪುಡಿ ಉದುರಿತು. ಸತು ಕರಗಿ ನೀರಿನ ಜೊತೆ ಹೋಗಿತ್ತು, ತಾಮ್ರ ಹುಳು ತಿಂದ ಮರದಂತೆ ತೂತುತೂತಾಗಿ ಉಳಿದಿತ್ತು. ಅಳತೆಯಲ್ಲಿ ಒಂದು ಕೂದಲೆಳೆಯಷ್ಟೂ ಕಡಿಮೆಯಾಗಿರಲಿಲ್ಲ, ಆಕಾರ ಬದಲಾಗಿರಲಿಲ್ಲ. ಹೋದದ್ದು ಬಲ ಮಾತ್ರ. ಕಬ್ಬಿಣವಾಗಿದ್ದರೆ ಹೀಗೆ ಮಾಡುತ್ತಿರಲಿಲ್ಲ. ಕಬ್ಬಿಣ ಸಾಯುವ ಮೊದಲು ಕೂಗಿ ಹೇಳುತ್ತದೆ: ಉಬ್ಬುತ್ತದೆ, ಸಿಪ್ಪೆ ಏಳುತ್ತದೆ, ಗೋಡೆಯ ಮೇಲೆ ಕೆಂಪು ಗೆರೆ ಇಳಿಸುತ್ತದೆ. ತುಕ್ಕು ಕಾಣುವ ಕಬ್ಬಿಣವನ್ನು ಬೈಯುತ್ತೇವೆ, ತುಕ್ಕು ಕಾಣದ ಹಿತ್ತಾಳೆಯನ್ನು ಹೊಗಳುತ್ತೇವೆ. ನನ್ನ ಮಟ್ಟಿಗೆ ಮುನ್ಸೂಚನೆ ಕೊಡುವ ಲೋಹವೇ ಮೇಲು.

‘ನಮ್ಮೂರ ನೀರೇ ಹಾಗೆ, ಫ್ಲೋರೈಡ್ ಸಾರ್’ ಎನ್ನುವ ಮಾತಿಗೂ ಉತ್ತರ ಹೇಳಬೇಕು. ಫ್ಲೋರೈಡ್ ಈ ಜಿಲ್ಲೆಯ ಮಕ್ಕಳ ಹಲ್ಲನ್ನೂ ಹಿರಿಯರ ಮೂಳೆಯನ್ನೂ ಕೆಡಿಸಿದೆ, ಆ ನೋವು ದೊಡ್ಡದು. ಆದರೆ ವಾಲ್ವಿನ ವಿಷಯದಲ್ಲಿ ಮುಖ್ಯ ಆರೋಪಿ ಅದಲ್ಲ. ನಮ್ಮ ಜನ ಗಡಸು ನೀರು, ಸವಳು ನೀರು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಇವೆರಡೂ ಬೇರೆ. ಗಡಸು ನೀರು ಸುಣ್ಣದ ಪದರ ಕಟ್ಟುತ್ತದೆ, ವಾಲ್ವನ್ನು ಬಿಗಿಯಿಸುತ್ತದೆ, ಆದರೆ ಆ ಪದರ ಕೆಲವೊಮ್ಮೆ ಲೋಹಕ್ಕೆ ಹೊದಿಕೆಯೂ ಆಗುತ್ತದೆ. ಸವಳು ನೀರಿನಲ್ಲಿರುವ ಕ್ಲೋರೈಡ್ ಆ ಹೊದಿಕೆಯನ್ನು ಭೇದಿಸಿ ಸತುವನ್ನು ಹೊರಗೆಳೆಯುತ್ತದೆ. ನೀರು ನಿಂತಿದ್ದರೆ, ಬೆಚ್ಚಗಿದ್ದರೆ ಇನ್ನೂ ಬೇಗ. ನಮ್ಮ ತಾರಸಿಗಳ ಮೇಲೆ ಏಪ್ರಿಲ್ ತಿಂಗಳಲ್ಲಿ ಇರುವುದು ಅಂಥದೇ ನೀರು. ಕುಡಿಯುವ ನೀರಿಗೆ ಭಾರತೀಯ ಮಾನಕ ಐಎಸ್ 10500 ಹಾಕಿರುವ ಕ್ಲೋರೈಡ್ ಮಿತಿ ಲೀಟರಿಗೆ 250 ಮಿಲಿಗ್ರಾಂ. ಬೇರೆ ನೀರಿನ ಮೂಲ ಇಲ್ಲದ ಕಡೆ 1000 ಮಿಲಿಗ್ರಾಂವರೆಗೂ ಒಪ್ಪಬಹುದು ಎನ್ನುತ್ತದೆ. ಆ ಮಿತಿ ಮನುಷ್ಯನ ಹೊಟ್ಟೆಗಾಗಿ ಹಾಕಿದ್ದು. ಕುಡಿಯಲು ಯೋಗ್ಯ ಎಂಬ ವರದಿ ಹಿಡಿದುಕೊಂಡು ಹಿತ್ತಾಳೆಯೂ ಕ್ಷೇಮ ಎಂದುಕೊಳ್ಳುವವರು ಪ್ರತಿ ಬೀದಿಯಲ್ಲಿದ್ದಾರೆ. ವಾಣಿವಿಲಾಸ ಸಾಗರದ ನೀರು ನಲ್ಲಿಗೆ ಬರುವ ಮನೆಯಲ್ಲಿ ಚೆನ್ನಾಗಿ ಬಾಳಿದ ವಾಲ್ವು, ಪಕ್ಕದ ಬೀದಿಯ ಬೋರಿಗೆ ಹಾಕಿದಾಗ ಕೆಲವೇ ವರ್ಷಗಳಲ್ಲಿ ಪುಡಿಯಾದರೆ ಅದರಲ್ಲಿ ವಿಚಿತ್ರವಿಲ್ಲ.

ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು ಕಡೆಯ ತೋಟಗಳಲ್ಲಿ ಪರಿಸ್ಥಿತಿ ಇನ್ನೂ ಕಠಿಣ. ಅಡಿಕೆಗೆ, ದಾಳಿಂಬೆಗೆ ಹನಿ ನೀರಾವರಿಯ ಕೊಳವೆಯಲ್ಲೇ ಗೊಬ್ಬರ ಕಳಿಸುತ್ತಾರೆ. ಕೆಂಪು ಪೊಟ್ಯಾಷ್ ಎಂದು ಕರೆಯುವ ಗೊಬ್ಬರ ಪೊಟ್ಯಾಸಿಯಂ ಕ್ಲೋರೈಡ್; ಅದನ್ನು ಕಲಸಿ ಬಿಟ್ಟಾಗಲೆಲ್ಲ ಸವಳನ್ನು ನಾವೇ ವಾಲ್ವಿಗೆ ಉಣಿಸಿದಂತೆ. ಡ್ರಿಪ್ಪರ್ ಕಟ್ಟಿಕೊಂಡರೆ ಆಸಿಡ್ ಬಿಡುತ್ತಾರೆ. ಸುಣ್ಣ ಕರಗಿಸಲು ಅದು ಬೇಕು, ಅದನ್ನು ಬೇಡ ಎನ್ನಲಾರೆ. ಆದರೆ ಆಸಿಡ್ ಹೋಗುವ ದಾರಿಯಲ್ಲಿ ಹಿತ್ತಾಳೆ ವಾಲ್ವ್ ಇಟ್ಟು, ‘ಗಟ್ಟಿ ಇರಲಿ ಅಂತ ಪ್ಲಾಸ್ಟಿಕ್ ತೆಗೆದು ಹಿತ್ತಾಳೆ ಹಾಕಿಸಿದೆ’ ಎಂದು ಹೇಳುವ ರೈತರನ್ನು ಕಂಡಾಗ ಸಂಕಟವಾಗುತ್ತದೆ. ಅವರು ಹೆಚ್ಚು ಹಣ ಕೊಟ್ಟು ಕಡಿಮೆ ಆಯಸ್ಸು ಕೊಂಡಿದ್ದಾರೆ.

ಇದಕ್ಕಿಂತ ಕೆಟ್ಟದ್ದು ಅಮೋನಿಯಾ. ಬ್ರಿಟಿಷರ ಕಾಲದಲ್ಲಿ ಭಾರತದ ಸೈನ್ಯದ ಹಿತ್ತಾಳೆ ತೋಟಾಗಳು ಮಳೆಗಾಲ ಬಂತೆಂದರೆ ತಾವಾಗಿಯೇ ಬಿರುಕು ಬಿಡುತ್ತಿದ್ದವು. ಯಾರೂ ಹಾರಿಸಿರಲಿಲ್ಲ, ಬೀಳಿಸಿರಲಿಲ್ಲ, ಕುದುರೆ ಲಾಯದಲ್ಲಿ ಇಟ್ಟಿದ್ದರು ಅಷ್ಟೇ. ಕುದುರೆಯ ಗಂಜಲದಿಂದ ಏಳುವ ಅಮೋನಿಯಾ, ಮಳೆಗಾಲದ ತೇವ, ತೋಟಾ ಮಾಡುವಾಗ ಲೋಹದಲ್ಲಿ ಉಳಿದ ಬಿಗಿತ, ಈ ಮೂರೂ ಸೇರಿ ಅದನ್ನು ಸೀಳುತ್ತಿದ್ದವೆಂದು 1921ರಲ್ಲಿ ವಿಜ್ಞಾನಿಗಳು ವಿವರಿಸಿದರು. ಋತುವಿನ ಬಿರುಕು ಎಂಬರ್ಥದ ಹೆಸರು ಆ ಕಾಯಿಲೆಗೆ ಅಂಟಿಕೊಂಡಿದೆ. ನಮ್ಮ ತೋಟದ ಮನೆಗಳಲ್ಲಿ ಪಂಪಿನ ಕೋಣೆ ಎಲ್ಲಿರುತ್ತದೆ? ದನದ ಕೊಟ್ಟಿಗೆಯ ಪಕ್ಕದಲ್ಲಿ. ಗೊಬ್ಬರದ ಚೀಲ ಎಲ್ಲಿ ಒಟ್ಟಿರುತ್ತಾರೆ? ಅದೇ ಕೋಣೆಯಲ್ಲಿ. ನಟ್ಟು ಸೋರುತ್ತದೆಂದು ಪೈಪ್ ರೆಂಚಿಗೆ ಇನ್ನೊಂದು ಪೈಪು ಸಿಕ್ಕಿಸಿ ಬಿಗಿಯುವುದು ಬೇರೆ. ಬಿಗಿತ, ತೇವ, ಅಮೋನಿಯಾ ಮೂರನ್ನೂ ನಾವೇ ಒಂದೆಡೆ ಕೂಡಿಸಿ, ಆಮೇಲೆ ಮಾಲು ಸರಿಯಿಲ್ಲ ಎನ್ನುತ್ತೇವೆ.

ಇಷ್ಟು ಕೇಳಿದ ಮೇಲೆ ಹಲವರು ಹೇಳುವುದು, ‘ಹಾಗಾದರೆ ಸ್ಟೀಲ್ ಹಾಕಿಬಿಡೋಣ’. ಇದೂ ಅದೇ ನಂಬಿಕೆಯ ಇನ್ನೊಂದು ಮುಖ. ಸ್ಟೇನ್‌ಲೆಸ್ ಸ್ಟೀಲನ್ನು ಕಾಯುವುದು ಅದರಲ್ಲಿರುವ ಕ್ರೋಮಿಯಂ ಗಾಳಿಯ ಆಮ್ಲಜನಕದೊಡನೆ ಸೇರಿ ಮೈಮೇಲೆ ಕಟ್ಟುವ ಕಣ್ಣಿಗೆ ಕಾಣದ ಪೊರೆ. ಗೀರು ಬಿದ್ದರೂ ಆಮ್ಲಜನಕ ಸಿಕ್ಕರೆ ಪೊರೆ ಮತ್ತೆ ಕಟ್ಟಿಕೊಳ್ಳುತ್ತದೆ. ಗ್ಯಾಸ್ಕೆಟಿನ ಅಡಿ, ಥ್ರೆಡ್ಡಿನ ಸಂದಿ, ಬಾಲ್ ವಾಲ್ವಿನೊಳಗೆ ಗುಂಡಿಗೂ ಮೈಗೂ ನಡುವೆ ಸಿಕ್ಕಿಕೊಂಡ ನೀರು, ಇಂಥ ಕಡೆ ಆಮ್ಲಜನಕ ತೀರಿಹೋಗುತ್ತದೆ. ಅಲ್ಲಿಗೆ ಕ್ಲೋರೈಡ್ ಸೇರಿತೆಂದರೆ ಸೂಜಿಮೊನೆಯಷ್ಟು ಕುಳಿ ಬಿದ್ದು ಆಳಕ್ಕೆ ಇಳಿಯುತ್ತದೆ. ಎಲ್ಲ ಸ್ಟೀಲೂ ಒಂದೇ ಅಲ್ಲ. 316 ಎಂಬ ಬಗೆಯಲ್ಲಿ 2ರಿಂದ 3 ಪಾಲು ಮಾಲಿಬ್ಡಿನಂ ಇದೆ, ಕ್ಲೋರೈಡನ್ನು ಅದು ಹೆಚ್ಚು ತಡೆಯುತ್ತದೆ, 304ರಲ್ಲಿ ಅದಿಲ್ಲ, 202ರಲ್ಲಿ ನಿಕ್ಕಲ್ಲನ್ನೂ ಕಡಿಮೆ ಮಾಡಿ ಮ್ಯಾಂಗನೀಸ್ ಬೆರೆಸಿರುತ್ತಾರೆ. ಅಂಗಡಿಯಲ್ಲಿ ಅಯಸ್ಕಾಂತ ತಾಗಿಸಿ ‘ಅಂಟಲ್ಲ ನೋಡಿ, ಒರಿಜಿನಲ್’ ಎಂದು ತೋರಿಸುವುದುಂಟು. ಈ ಮೂರಕ್ಕೂ ಅಯಸ್ಕಾಂತ ಸಾಮಾನ್ಯವಾಗಿ ಅಂಟುವುದಿಲ್ಲ. ಆ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ, ಗಿರಾಕಿಯ ಧೈರ್ಯವಷ್ಟೇ ಹೆಚ್ಚುತ್ತದೆ.

ಲೋಹದ ಆಯಸ್ಸನ್ನು ಲೋಹವೊಂದನ್ನೇ ನೋಡಿ ಹೇಳಲಾಗದು, ಅದರ ನೆರೆಹೊರೆಯನ್ನೂ ನೋಡಬೇಕು. 1761ರಲ್ಲಿ ಬ್ರಿಟಿಷ್ ನೌಕಾಪಡೆ ಎಚ್‌ಎಂಎಸ್ ಅಲಾರ್ಮ್ ಎಂಬ ಮರದ ಹಡಗಿನ ತಳಕ್ಕೆ ಹುಳು ಕೊರೆಯದಿರಲೆಂದು ತಾಮ್ರದ ತಗಡು ಹೊದಿಸಿತು. ವೆಸ್ಟ್ ಇಂಡೀಸ್ ಕಡೆ ಹೋಗಿಬಂದ ಹಡಗನ್ನು 1763ರಲ್ಲಿ ಪರೀಕ್ಷಿಸಿದಾಗ ತಾಮ್ರ ಚೆನ್ನಾಗಿಯೇ ಇತ್ತು, ತಾಮ್ರಕ್ಕೆ ತಾಗಿದ್ದ ಕಬ್ಬಿಣದ ಮೊಳೆಗಳು ಕೊಳೆತುಹೋಗಿದ್ದವು. ತಗಡಿಗೆ ಸುತ್ತಿಬಂದಿದ್ದ ಕಂದು ಕಾಗದ ಎಲ್ಲೆಲ್ಲಿ ಮೊಳೆಗೂ ತಾಮ್ರಕ್ಕೂ ನಡುವೆ ಉಳಿದಿತ್ತೋ ಅಲ್ಲಿಯ ಮೊಳೆಗಳು ಮಾತ್ರ ಕ್ಷೇಮವಾಗಿದ್ದವು. ಎರಡು ಲೋಹ, ನಡುವೆ ಉಪ್ಪುನೀರು: ಅದೊಂದು ಬ್ಯಾಟರಿ. ದುರ್ಬಲವಾದದ್ದು ಕರಗಿ ಬಲವಾದದ್ದನ್ನು ಉಳಿಸುತ್ತದೆ. ನಾವು ಜಿಐ ಪೈಪಿನ ತುದಿಗೆ ಹಿತ್ತಾಳೆಯನ್ನೋ ಗನ್‌ಮೆಟಲ್ಲನ್ನೋ ಸ್ಟೀಲನ್ನೋ ತಿರುಗಿಸಿ ಕೂಡಿಸಿದಾಗ ಆಗುವುದೂ ಇದೇ. ಪೈಪಿನ ಸತುವಿನ ಲೇಪ ಥ್ರೆಡ್ಡಿನಲ್ಲಿ ಮೊದಲು ಹೋಗುತ್ತದೆ, ನಂತರ ಕಬ್ಬಿಣ. ‘ವಾಲ್ವ್ ಬಂಗಾರದಂಗಿದೆ, ಪೈಪೇ ಕಳಪೆ’ ಎನ್ನುತ್ತೇವೆ. ಪೈಪನ್ನು ಕೊಂದದ್ದು ಆ ಬಂಗಾರದಂಥ ವಾಲ್ವೇ. ನಡುವೆ ಒಂದು ಗೇಣು ಪ್ಲಾಸ್ಟಿಕ್ ಪೈಪಿನ ತುಂಡು ಹಾಕಿದ್ದರೆ ಅದು ಆ ಕಂದು ಕಾಗದದ ಕೆಲಸ ಮಾಡುತ್ತಿತ್ತು.

ದೋಣಿಯ ಮಾತು ಬಂದದ್ದರಿಂದ ಮಲ್ಪೆಗೆ ಹೋಗಿದ್ದನ್ನು ಹೇಳುತ್ತೇನೆ. ಬಯಲುಸೀಮೆಯ ನಮಗೆ ಗೊತ್ತಿರುವ ದೋಣಿ ಎಂದರೆ ತೆಪ್ಪ, ಹರಿಗೋಲು. ಅದರ ತಳದಲ್ಲಿ ತೂತು ಇರುವುದಿಲ್ಲ, ಹಾಗಾಗಿ ವಾಲ್ವಿನ ಚಿಂತೆಯೂ ಇಲ್ಲ. ಎಂಜಿನ್ ಇಟ್ಟ ಮೀನುಗಾರಿಕೆ ಬೋಟಿಗೆ ಮಾತ್ರ ಎಂಜಿನ್ ತಣಿಸಲು ಸಮುದ್ರದ ನೀರು ಬೇಕು, ಅದಕ್ಕೆ ನೀರಿನ ಮಟ್ಟದ ಕೆಳಗೆ ತಳವನ್ನೇ ಕೊರೆದು ವಾಲ್ವ್ ಕೂರಿಸುತ್ತಾರೆ. ಅದು ಮುರಿದರೆ ಕಡಲು ಒಳಗೆ ಬರುತ್ತದೆ. ಅಲ್ಲಿ ಬೋಟಿನ ಎಂಜಿನ್ ಕೆಲಸ ಮಾಡುವ ಪರಿಚಯದವರೊಬ್ಬರು ಹಳೆಯ ವಾಲ್ವಿನ ರಾಶಿಯಲ್ಲಿ ಒಂದನ್ನು ಎತ್ತಿ ನೆಲಕ್ಕೆ ಬಡಿದು ಸದ್ದು ಕೇಳಿಸಿದರು. ಗಂಟೆಯಂತೆ ಮೊಳಗಬೇಕಾದದ್ದು ಮಡಕೆಯಂತೆ ಸದ್ದು ಮಾಡಿತು. ‘ಹಳದಿ ನೋಡಿ ನಂಬಿದ್ರೆ ಬೋಟ್ ಹೋಯ್ತು ಮಾರಾಯ್ರೆ’ ಎಂದರು. ಲೀಟರಿಗೆ ಹತ್ತೊಂಬತ್ತು ಸಾವಿರ ಮಿಲಿಗ್ರಾಂ ಕ್ಲೋರೈಡ್ ಇರುವ ನೀರಿನಲ್ಲಿ ದುಡಿಯುವವರು ಅವರು. ನಮ್ಮ ಬೋರಿನಲ್ಲಿ ಹತ್ತು ವರ್ಷದಲ್ಲಿ ಕಾಣುವುದು ಅವರಿಗೆ ಒಂದೆರಡು ವರ್ಷದಲ್ಲೇ ಕಾಣಿಸುತ್ತದೆ.

ಬೋಟಿನವರೂ ಹೆಸರಿನಿಂದ ಮೋಸ ಹೋಗಿದ್ದಾರೆ. ಮ್ಯಾಂಗನೀಸ್ ಬ್ರಾಂಜ್ ಎಂದು ಮಾರುವ ಲೋಹ ಹೆಸರಿಗೆ ಕಂಚು, ನಿಜದಲ್ಲಿ ಸುಮಾರು 40 ಪಾಲು ಸತುವಿರುವ ಹಿತ್ತಾಳೆ. ಇನ್ನೂ ಬೆಚ್ಚಿಬೀಳಿಸುವ ಸಂಗತಿ ಇದು: ವಿಹಾರದೋಣಿಗಳ ತಳದ ಲೋಹದ ವಾಲ್ವುಗಳಿಗಾಗಿ 1994ರಲ್ಲಿ ಹೊರಟ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 9093-1, ‘ಸವೆತ ನಿರೋಧಕ’ ಎಂಬ ಪದಕ್ಕೆ ಕೊಟ್ಟ ಅರ್ಥ ಐದು ವರ್ಷ ಕೆಡದೆ ಇರುವುದು. ಐದೇ ವರ್ಷ! ಡಬ್ಬದ ಮೇಲೆ ಆ ಪದ ಓದಿ ದೋಣಿಯ ಯಜಮಾನ ಜೀವಮಾನ ಎಂದುಕೊಂಡಿರುತ್ತಾನೆ. ನಮ್ಮ ಅಂಗಡಿಗಳಲ್ಲಿ ‘ಐಎಸ್‌ಐ ಗುರುತಿದೆ, ಇನ್ನೇನು ಬೇಕು’ ಎನ್ನುವವರು ಈ ಪ್ರಸಂಗವನ್ನು ನೆನಪಿಡಬೇಕು. ಗುರುತು ಒಳ್ಳೆಯದೇ, ಅದಿಲ್ಲದ್ದನ್ನು ಕೊಳ್ಳಲೇಬಾರದು. ಆದರೆ ಅದು ಯಾವ ಮಾನಕ, ಯಾವ ಲೋಹಕ್ಕೆ, ಯಾವ ನೀರಿಗೆ ಎಂದು ಕೇಳದಿದ್ದರೆ ಗುರುತು ಬರೀ ಅಕ್ಷರ.

ಎದುರು ಪಕ್ಷದ ಗಟ್ಟಿ ವಾದ ಬೆಲೆಯದು, ಅದನ್ನು ಹಗುರವಾಗಿ ತಳ್ಳಿಹಾಕಲಾರೆ. ಗನ್‌ಮೆಟಲ್ ವಾಲ್ವಿಗೆ ಹಿತ್ತಾಳೆಗಿಂತ ಹೆಚ್ಚು ದುಡ್ಡು. ಸ್ನಾನದ ಮನೆಯ ನಲ್ಲಿಗೆ, ಕೈತೋಟದ ಕವಲಿಗೆ ಹಿತ್ತಾಳೆ ಸಾಕು. ಮುರಿದರೆ ಹಿಂದಿನ ವಾಲ್ವ್ ಕಟ್ಟಿ ಬದಲಾಯಿಸಬಹುದು. ನನ್ನ ಜಗಳ ಮೊದಲ ವಾಲ್ವಿನ ಬಗ್ಗೆ. ಟ್ಯಾಂಕಿನ ತಳದಲ್ಲಿ, ಬೋರಿನ ಬಾಯಲ್ಲಿ, ದೋಣಿಯ ತಳದಲ್ಲಿ ಇರುವ, ತನ್ನ ಹಿಂದೆ ಇನ್ನೊಂದು ಬಾಗಿಲಿಲ್ಲದ ವಾಲ್ವದು. ಮನೆಗೆ ಅಂಥದ್ದು ಒಂದೋ ಎರಡೋ. ಇಡೀ ಮನೆ ಕಟ್ಟುವ ಖರ್ಚಿನಲ್ಲಿ ಆ ಒಂದೆರಡು ವಾಲ್ವಿನ ಬೆಲೆಯ ವ್ಯತ್ಯಾಸ ಎಷ್ಟಾದೀತು?

ಅಲ್ಲಿಗೆ ಹಾಕಬೇಕಾದ್ದು ತಾಮ್ರ 85, ತವರ 5, ಸೀಸ 5, ಸತು 5 ಪಾಲಿನ ಗನ್‌ಮೆಟಲ್. ಸತು 15 ಪಾಲಿಗಿಂತ ಕೆಳಗಿರುವ ತಾಮ್ರದ ಬೆರಕೆಗೆ ಈ ಸತು ಕರಗುವ ಕಾಯಿಲೆ ತಗಲುವುದಿಲ್ಲವೆಂದೇ ಹೇಳಬಹುದು. ನೀರು ಸರಬರಾಜಿನ ತಾಮ್ರಬೆರಕೆ ವಾಲ್ವುಗಳ ಭಾರತೀಯ ಮಾನಕ ಐಎಸ್ 778. ಆ ಅಂಕಿಯನ್ನು ಕೇಳಿ ಕೊಳ್ಳಿ. ಮೈ ಗನ್‌ಮೆಟಲ್ ಇದ್ದು ಒಳಗಿನ ಸ್ಪಿಂಡಲ್ ಅಗ್ಗದ ಹಿತ್ತಾಳೆಯಾಗಿದ್ದರೆ ಮುರಿಯುವುದು ಸ್ಪಿಂಡಲ್ಲೇ, ಹಾಗಾಗಿ ಅದನ್ನೂ ಕೇಳಿ. ಗನ್‌ಮೆಟಲ್ ಸಿಗದಿದ್ದರೆ ಡಿಝಡ್‌ಆರ್ ಎಂದು ಒತ್ತಿರುವ ಹಿತ್ತಾಳೆ. ಅದಕ್ಕೆ ಒಂದಿಷ್ಟು ಆರ್ಸೆನಿಕ್ ಸೇರಿಸಿ, ಕಾಯಿಸಿ ಹದ ಮಾಡಿರುತ್ತಾರೆ, ಸತು ಅಷ್ಟು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಆಸಿಡ್, ಗೊಬ್ಬರ ಹೋಗುವ ದಾರಿಗೆ ಒಳ್ಳೆಯ ಪ್ಲಾಸ್ಟಿಕ್ಕೇ ಸರಿ. ಗಾಜಿನ ನಾರು ಬೆರೆಸಿದ ನೈಲಾನ್ ವಾಲ್ವುಗಳನ್ನು ದೋಣಿಗಳ ತಳಕ್ಕೇ ಹಾಕುತ್ತಾರೆ, ಉಪ್ಪುನೀರು ಅದನ್ನು ಮುಟ್ಟುವುದಿಲ್ಲ. ಪ್ಲಾಸ್ಟಿಕ್ಕಿನ ವೈರಿ ಬಿಸಿಲು. ಹಿರಿಯೂರಿನ ಬಿಸಿಲಿನಲ್ಲಿ ಬಯಲಿಗೆ ಬಿಟ್ಟರೆ ಅದು ಬೆಳ್ಳಗಾಗಿ ಬಿಸ್ಕತ್ತಿನಂತೆ ಮುರಿಯುತ್ತದೆ. ಮೇಲೊಂದು ಗೋಣಿ, ಒಂದು ಡಬ್ಬ, ಒಂದು ಕೈ ಬಣ್ಣ ಸಾಕು. ಪ್ಲಾಸ್ಟಿಕ್ ಎಂದರೆ ಅಗ್ಗ, ಅಗ್ಗ ಎಂದರೆ ದುರ್ಬಲ ಎಂಬ ತಾತ್ಸಾರವೂ ಹಿತ್ತಾಳೆಯ ಮೋಹದಷ್ಟೇ ಬುಡವಿಲ್ಲದ್ದು.

ಇನ್ನು ‘ಹಾಕಿ ಮರೆತುಬಿಡಿ’ ಎಂಬ ಮಾತು. ನನಗೆ ಅತಿ ಹೆಚ್ಚು ಸಿಟ್ಟು ಬರುವುದು ಇದರ ಮೇಲೆ. ಚಂದ್ರವಳ್ಳಿಯ ಬಂಡೆಯ ಮೇಲಿನ ಕದಂಬ ಮಯೂರಶರ್ಮನ ಶಾಸನ ಹೇಳುವುದು ಕೆರೆ ಕಟ್ಟಿಸಿದ ಸಂಗತಿಯನ್ನು. ನಾಲ್ಕನೆಯ ಶತಮಾನದಿಂದ ಈ ಬೆಟ್ಟಗಳ ನಡುವೆ ನೀರು ಕಟ್ಟಿ, ಬೇಕಾದಾಗ ಬಿಟ್ಟು ಬದುಕಿದ ಜನ ನಾವು. ನಮ್ಮ ಕೆರೆಗಳ ತೂಬು ಎಂದರೆ ಏರಿಯ ಒಳಬದಿಯಲ್ಲಿ ಎರಡು ಕಲ್ಲುಕಂಬ, ಕೆಳಗೆ ಕಲ್ಲಿನಲ್ಲಿ ಕೊರೆದ ಗುಂಡಗಿನ ತೂತು, ಅದಕ್ಕೆ ಕೂರುವ ಮರದ ಬಿರಡೆ. ಅದರಲ್ಲಿ ಯಾವ ವಿಶೇಷ ಲೋಹವೂ ಇರಲಿಲ್ಲ. ಅದು ಬಾಳಿದ್ದು ನೀರುಗಂಟಿಯ ಕೈಯಿಂದ. ಬೆಳೆಯ ಕಾಲದಲ್ಲಿ ಅವನು ನೀರಿಗಿಳಿದು ಬಿರಡೆ ಎತ್ತುತ್ತಿದ್ದ, ಇಳಿಸುತ್ತಿದ್ದ, ಕೊಳೆತಿದ್ದರೆ ಅವನ ಕೈಗೆ ಗೊತ್ತಾಗುತ್ತಿತ್ತು, ಮರುದಿನ ಬಡಗಿಯ ಮನೆಗೆ ಹೋಗುತ್ತಿದ್ದ. ಊರು ಅವನಿಗೆ ಕಾಳು ಅಳೆದು ಕೊಡುತ್ತಿತ್ತು. ಕೆರೆಯ ಹೊಣೆ ಹೊತ್ತ ಒಬ್ಬ ಮನುಷ್ಯನ ಬೆರಳುಗಳು ಆ ಬಾಗಿಲನ್ನು ಸದಾ ಬಲ್ಲವು. ನನ್ನ ತಾರಸಿಯ ವಾಲ್ವನ್ನು ಆರು ವರ್ಷ ಯಾರೂ ಮುಟ್ಟಿರಲಿಲ್ಲ, ನಾನೂ ಮುಟ್ಟಿರಲಿಲ್ಲ. ಮುಟ್ಟಿದ ಮೊದಲ ದಿನವೇ ಅದು ಸತ್ತಿತ್ತು.

ತಿಂಗಳಿಗೊಮ್ಮೆ ಪೂರ್ತಿ ಮುಚ್ಚಿ ಪೂರ್ತಿ ತೆರೆದರೆ ಸುಣ್ಣ ಬಿಗಿಯುವುದಿಲ್ಲ, ನಿಂತ ನೀರು ಸಂದಿಯಿಂದ ಕದಲುತ್ತದೆ, ಹಿಡಿ ಎಂದಿಗಿಂತ ಮೆದುವಾಗಿದ್ದರೆ ಅಥವಾ ಬಿಗಿಯಾಗಿದ್ದರೆ ಕೈಗೆ ತಿಳಿಯುತ್ತದೆ. ಕೀಲಿನ ಸುತ್ತ ಬಿಳಿ ಪುಡಿ ಕಂಡರೆ ಸುಣ್ಣವೆಂದು ಬಿಡಬೇಡಿ, ಅದು ಹೊರಬಂದ ಸತುವೂ ಆಗಿರಬಹುದು. ಉಗುರಿನಿಂದ ಕೆರೆದು ಕೆಳಗೆ ಕೆಂಪಿದೆಯೇ ನೋಡಿ.

ಹೊಸ ವಾಲ್ವ್ ತರಲು ಹೋದಾಗ ನಾನು ಕೇಳಿದ್ದು ಒಂದೇ: ಬಿಲ್ಲಿನಲ್ಲಿ ಲೋಹದ ಹೆಸರು ಬರೆದುಕೊಡಿ. ‘ಅದೆಲ್ಲ ಯಾರೂ ಕೇಳಲ್ಲ ಸಾರ್’ ಎಂದರು ಮೊದಲ ಅಂಗಡಿಯಲ್ಲಿ. ಎರಡನೆಯದರಲ್ಲೂ ಅದೇ. ಮೂರನೆಯವರು ಒಳಗೆ ಹೋಗಿ ಡಬ್ಬ ತಂದು, ಕನ್ನಡಕ ಹಾಕಿಕೊಂಡು ಒತ್ತಿದ ಅಕ್ಷರ ಓದಿ, ಬಿಲ್ಲಿನ ಮೇಲೆ ‘ಗನ್‌ಮೆಟಲ್ ಗೇಟ್ ವಾಲ್ವ್, ಐಎಸ್ 778, 1’ ಎಂದು ಬರೆದು ಸಹಿ ಹಾಕಿದರು.